ಪರದೇಶದ ಆಟವೂ ಮಂಗಳೂರಿನ ನಟನೂ

ಅನ್ಯದೇಶದ ಕ್ರೀಡೆಯೊಂದು ನೆಲವನ್ನು ಬದಲಿಸಿದಾಗ, ಹೆಸರಿಗಿಂತಲೂ ನಿರ್ಣಯಾಧಿಕಾರವು ಯಾರಲ್ಲಿ ಉಳಿಯಿತೆಂಬುದೇ ವಿಚಾರಾರ್ಹವು. ‘ಬಿಗ್ ಬ್ರದರ್’ ಎಂಬ ಟೆಲಿವಿಷನ್ ಕಾರ್ಯಕ್ರಮವು 1999ರಲ್ಲಿ ನೆದರ್ಲೆಂಡ್ಸಿನಲ್ಲಿ ಹುಟ್ಟಿತು. ಅಪರಿಚಿತರನ್ನು ಒಂದೇ ಮನೆಯಲ್ಲಿರಿಸಿ, ಅಹೋರಾತ್ರಿ ಕ್ಯಾಮೆರಾಗಳಿಂದ ನೋಡುತ್ತ, ಒಬ್ಬೊಬ್ಬರನ್ನಾಗಿ ಹೊರಗೆ ಕಳುಹಿಸುವುದು ಅದರ ಕ್ರಮ. ಮನೆಯವರು ಸೂಚಿಸಿದವರಲ್ಲಿ ಹೊರಡತಕ್ಕವರು ಯಾರೆಂಬುದನ್ನು ವೀಕ್ಷಕರ ಮತವು ನಿರ್ಣಯಿಸುತ್ತಿತ್ತು. ಅಮೆರಿಕೆಯು 2000ದಲ್ಲಿ ಇದನ್ನು ಹಾಗೆಯೇ ಸ್ವೀಕರಿಸಿತು. ಮರುವರ್ಷವೇ ಆ ಅಧಿಕಾರವನ್ನು ವೀಕ್ಷಕರಿಂದ ತೆಗೆದು ಸ್ಪರ್ಧಿಗಳಿಗೆ ಒಪ್ಪಿಸಿತು. ಅಲ್ಲಿ ಆಟವು ಕೂಟನೀತಿಯ ಪರೀಕ್ಷೆಯಾಗಿ ಪರಿಣಮಿಸಿತು.

ಭಾರತಕ್ಕೆ ಅದು 2006ರಲ್ಲಿ ಹಿಂದಿಯ ‘ಬಿಗ್ ಬಾಸ್’ ಆಗಿ ಬಂದಿತು. 2013ರಲ್ಲಿ ಅದೇ ಹೆಸರಿನಿಂದ, ಸುದೀಪರ ನಿರೂಪಣೆಯಲ್ಲಿ, ಕನ್ನಡವನ್ನು ಸೇರಿತು. ಹೆಸರು ಬೇರೆಯಾಯಿತು, ಜನಮತವು ಉಳಿಯಿತು. ಇದರ ಫಲವು ಮಂಗಳೂರಿನ ಮಟ್ಟಿಗೆ ಗಮನಾರ್ಹವಾದುದು. 2019ರ ‘ಗಿರಿಗಿಟ್’ ಮೊದಲಾದ ತುಳು ಚಿತ್ರಗಳಿಂದ ಪ್ರಸಿದ್ಧರಾದ ಇಲ್ಲಿಯ ನಟ ರೂಪೇಶ್ ಶೆಟ್ಟಿಯವರು ಒಂಬತ್ತನೆಯ ಆವೃತ್ತಿಯಲ್ಲಿ, 2022ರ ಡಿಸೆಂಬರ್ 31ರಂದು, ವಿಜಯಿಗಳಾದರು. ಸಹಸ್ಪರ್ಧಿಗಳ ಮಾತೇ ಅಂತಿಮವಾಗಿದ್ದ ಪಕ್ಷದಲ್ಲಿ, ತುಳು ರಂಗದ ನಟನೊಬ್ಬನು ಸಮಸ್ತ ಕನ್ನಡ ಪ್ರೇಕ್ಷಕರ ತೀರ್ಪನ್ನು ನೇರವಾಗಿ ಬೇಡುವ ಅವಕಾಶವೇ ಇರುತ್ತಿರಲಿಲ್ಲ. ಆದುದರಿಂದ ರೂಪಾಂತರದ ಗುಣವನ್ನು ಬದಲಾದುದರಿಂದ ಮಾತ್ರವಲ್ಲ, ಬದಲಾಗದೆ ಉಳಿದುದರಿಂದಲೂ ಅಳೆಯತಕ್ಕದ್ದು.