ಶಾಲೆಯಲ್ಲಿ ದೈಹಿಕ ಶಿಕ್ಷೆ

ತಪ್ಪು ಮಾಡಿದ ವಿದ್ಯಾರ್ಥಿಯ ಮೈಗೆ ನೋವಾಗುವಂತೆ ಶಿಕ್ಷಕರು ದಂಡಿಸುವ ಪದ್ಧತಿ ಇದು. ಬೆತ್ತದೇಟು, ಕಿವಿ ಹಿಂಡುವುದು, ಬಸ್ಕಿ ಹೊಡೆಸುವುದು, ಬಿಸಿಲಲ್ಲಿ ಮಂಡಿಯೂರಿಸುವುದು ಎಲ್ಲವೂ ಇದರೊಳಗೇ ಬರುತ್ತವೆ. ಕನ್ನಡ ನಾಡಿನ ಹಳೆಯ ಖಾಸಗಿ ಪಾಠಶಾಲೆಗಳಾದ ಕೂಲಿಮಠಗಳಲ್ಲಿ ಐಗಳು, ಅಂದರೆ ಅಲ್ಲಿನ ಶಿಕ್ಷಕರು, ಬೆತ್ತಕ್ಕೇ ನಿಲ್ಲುತ್ತಿರಲಿಲ್ಲ. ತೊಲೆಗೆ ಕಟ್ಟಿದ ಹಗ್ಗದಿಂದ ಹುಡುಗನನ್ನು ಜೋತುಬಿಡುವ ಕೋದಂಡವೂ ಇತ್ತು. ಇಂಥದ್ದನ್ನು ಶಿಸ್ತು ಎಂದು ಕರೆಯಲು ಸಾಧ್ಯವಿಲ್ಲ.

ಹೊಡೆಯುವ ಹಕ್ಕು ಶಿಕ್ಷಕರಿಗೆ ಬಂದದ್ದು ಎಲ್ಲಿಂದ? ತಂದೆತಾಯಿಯಿಂದ ಎಂಬುದೇ ಬಹುಕಾಲ ಕಾನೂನು ಕೊಟ್ಟ ಉತ್ತರ. 1860ರಲ್ಲಿ ಇಂಗ್ಲೆಂಡಿನ ಈಸ್ಟ್‌ಬೋರ್ನ್‌ನಲ್ಲಿ ಥಾಮಸ್ ಹಾಪ್ಲಿ ಎಂಬ ಉಪಾಧ್ಯಾಯ 15 ವರ್ಷದ ಶಿಷ್ಯನನ್ನು ಹೊಡೆದು ಕೊಂದ. ದಂಡಿಸಲು ಹುಡುಗನ ತಂದೆಯ ಒಪ್ಪಿಗೆ ಅವನ ಬಳಿ ಇತ್ತು. ಹಾಪ್ಲಿಗೆ ನಾಲ್ಕು ವರ್ಷ ಕಠಿಣ ಸಜೆಯೇನೋ ಆಯಿತು. ಆದರೆ ಹೆತ್ತವರೂ ಅವರ ಪರವಾಗಿ ಶಿಕ್ಷಕರೂ ಮಿತವಾಗಿ ಹೊಡೆಯಬಹುದು ಎಂಬ ತತ್ವವನ್ನು ನ್ಯಾಯಾಲಯ ಎತ್ತಿಹಿಡಿಯಿತು. ಅದೇ ವರ್ಷ ರೂಪುಗೊಂಡ ಭಾರತೀಯ ದಂಡ ಸಂಹಿತೆಯ 89ನೇ ಕಲಮು, 12 ವರ್ಷದೊಳಗಿನ ಮಗುವಿನ ಒಳಿತಿಗಾಗಿ ಪೋಷಕರ ಸಮ್ಮತಿಯಿಂದ ಸದುದ್ದೇಶದಲ್ಲಿ ಮಾಡಿದ್ದು ಅಪರಾಧವಲ್ಲ ಎಂದಿತು. ಹೊಡೆದ ಶಿಕ್ಷಕರಿಗೆ ಕೋರ್ಟಿನಲ್ಲಿ ಇದೇ ಆಸರೆಯಾಯಿತು.

ಆ ಸಮ್ಮತಿಯನ್ನು ಹೆತ್ತವರೇ ಹಿಂತೆಗೆದುಕೊಂಡಾಗ ಬೆತ್ತದ ಬುಡ ಅಲುಗಿತು. ಮಕ್ಕಳನ್ನು ಚರ್ಮದ ಪಟ್ಟಿಯಿಂದ ಹೊಡೆಯುತ್ತಿದ್ದ ಸ್ಕಾಟ್ಲೆಂಡಿನಲ್ಲಿ ಇಬ್ಬರು ತಾಯಂದಿರು ಅದಕ್ಕೆ ಒಪ್ಪದೆ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ ಮೆಟ್ಟಿಲೇರಿದರು. ಅವರಲ್ಲೊಬ್ಬರ ಮಗ ಏಟಿಗೆ ಕೈಯೊಡ್ಡಲು ನಿರಾಕರಿಸಿ ಶಾಲೆಯಿಂದ ಹೊರಗುಳಿದಿದ್ದ. 1982ರಲ್ಲಿ ತೀರ್ಪು ತಾಯಂದಿರ ಪರ ಬಂತು. ನಾಲ್ಕು ವರ್ಷಗಳ ಬಳಿಕ ಬ್ರಿಟಿಷ್ ಸಂಸತ್ತಿನ ಕೆಳಮನೆ 231–230 ಮತಗಳಿಂದ, ಅಂದರೆ ಒಂದೇ ಒಂದು ಮತದ ಅಂತರದಿಂದ, ಸರ್ಕಾರಿ ಶಾಲೆಗಳಲ್ಲಿ ಹೊಡೆತ ನಿಲ್ಲಿಸಲು ನಿರ್ಧರಿಸಿತು. ಪೋಲೆಂಡ್ 1783ರಲ್ಲೇ ಮಾಡಿದ್ದ ಕೆಲಸವಿದು.

ಭಾರತದಲ್ಲೂ ಪೋಷಕರೇ ಮುಂದಾದರು. ಶಾಲೆಗಳಿಂದ ದೈಹಿಕ ಶಿಕ್ಷೆಯನ್ನು ಹೊರಗಿಡಬೇಕೆಂದು 1986ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿದ್ದರೂ, ದೆಹಲಿಯ 1973ರ ಶಾಲಾ ನಿಯಮಗಳು ಮುಖ್ಯೋಪಾಧ್ಯಾಯರಿಗೆ ಅಂಗೈ ಮೇಲೆ ಹತ್ತು ಏಟಿನವರೆಗೆ ಬೆತ್ತ ಬೀಸಲು ಬಿಟ್ಟಿದ್ದವು. ಮಗುವಿನ ಮೈ ನೋವಿಗೆ ಸರ್ಕಾರವೇ ಅಳತೆ ಗೊತ್ತುಮಾಡಿತ್ತು! ಪೋಷಕರ ವೇದಿಕೆಯೊಂದು ಹೂಡಿದ ದಾವೆಯಲ್ಲಿ ದೆಹಲಿ ಹೈಕೋರ್ಟ್ 2000ದ ಡಿಸೆಂಬರ್ 1ರಂದು ಆ ನಿಯಮವನ್ನು ರದ್ದುಮಾಡಿತು. ಸಮಾನತೆ ಮತ್ತು ಜೀವಿಸುವ ಹಕ್ಕನ್ನು ಕೊಡುವ ಸಂವಿಧಾನದ 14 ಹಾಗೂ 21ನೇ ವಿಧಿಗಳು ಮಗುವಿಗೂ ಅನ್ವಯಿಸುತ್ತವೆ ಎಂಬುದು ಅದರ ನಿಲುವು.

ತೀರ್ಪು ಬಂದ ಮಾತ್ರಕ್ಕೆ ಹೊಡೆತ ನಿಲ್ಲಲಿಲ್ಲ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳಲ್ಲಿ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶಾಲೆಗೆ ಹೋಗುವ ಮೂರು ಮಕ್ಕಳಲ್ಲಿ ಸುಮಾರು ಇಬ್ಬರು ತಾವು ಏಟು ತಿಂದಿದ್ದೇವೆ ಎಂದರು.

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. ಮಗುವನ್ನು ದಡ್ಡ ಎಂದು ಹಂಗಿಸುವುದೂ ಗಾಯವೇ ಎಂದು ಕಾನೂನು ಒಪ್ಪಿದ್ದು ದೊಡ್ಡ ಹೆಜ್ಜೆ. ಆದರೆ ತಪ್ಪಿದ ಶಿಕ್ಷಕರಿಗೆ ಈ ಕಾಯ್ದೆ ವಿಧಿಸುವುದು ಸೇವಾ ನಿಯಮಗಳ ಪ್ರಕಾರದ ಶಿಸ್ತುಕ್ರಮ ಮಾತ್ರ. ದಂಡವಾಗಲಿ ಜೈಲಾಗಲಿ ಅದರಲ್ಲಿಲ್ಲ. ಅದರ ರಕ್ಷಣೆ ಸಿಗುವುದೂ 6ರಿಂದ 14 ವರ್ಷದವರಿಗಷ್ಟೇ. ಅದಕ್ಕಿಂತ ದೊಡ್ಡ ಮಕ್ಕಳು 2015ರ ಬಾಲನ್ಯಾಯ ಕಾಯ್ದೆಯ ಕ್ರೌರ್ಯದ ಕಲಮನ್ನು ನೆಚ್ಚಿಕೊಳ್ಳಬೇಕು. ಅತ್ತ 89ನೇ ಕಲಮಿನ ಹಳೆಯ ವಿನಾಯಿತಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 27ನೇ ಸೆಕ್ಷನ್ ಆಗಿ ಮುಂದುವರಿದಿದೆ. ಶಾಲೆಯ ಹೊಡೆತಕ್ಕೆ ಇದು ಅನ್ವಯಿಸದು ಎಂದು ಸಂಸತ್ತು ಸ್ಪಷ್ಟವಾಗಿ ಬರೆಯಬೇಕು, 17ನೇ ಸೆಕ್ಷನ್ನಿನ ರಕ್ಷಣೆಯನ್ನು 18 ವರ್ಷದವರೆಗೆ ವಿಸ್ತರಿಸಬೇಕು.