ಡಿ.ಎನ್.ಎ. ಬಾರ್‌ಕೋಡಿಂಗ್ ಮೂಲಕ ಅಣಬೆ ಪ್ರಭೇದಗಳ ಗುರುತಿಸುವಿಕೆ: ಸಾರ್ವಜನಿಕರಿಗೆ ಮಾಹಿತಿ

ಬ್ಯಾಡಗಿ ಮೆಣಸಿನಕಾಯಿಯನ್ನು ಅದರ ಸುಕ್ಕು ಮತ್ತು ಬಣ್ಣದಿಂದಲೇ ಗುರುತಿಸಬಲ್ಲ ಅನುಭವಸ್ಥರು ಹಾವೇರಿ, ರಾಣೆಬೆನ್ನೂರು ಮತ್ತು ಬ್ಯಾಡಗಿ ಭಾಗದಲ್ಲಿ ಹಲವರಿದ್ದಾರೆ. ಮಳೆಗಾಲದಲ್ಲಿ ಏಳುವ ಕಾಡು ಅಣಬೆಗಳ ವಿಷಯದಲ್ಲಿ ಕಣ್ಣಂದಾಜು ಅಷ್ಟು ನಂಬಲರ್ಹವಲ್ಲ. ಗೆದ್ದಲಿನ ಹುತ್ತದಲ್ಲಿ ಬೆಳೆಯುವ ಟರ್ಮಿಟೋಮೈಸಿಸ್ ಕುಲದ ಅಣಬೆಗಳು ಆಹಾರಯೋಗ್ಯವಾಗಿದ್ದು, ಅವುಗಳ ಕಾಂಡವು ಬೇರಿನಂತೆ ನೆಲದೊಳಗಿನ ಗೂಡಿನವರೆಗೆ ಇಳಿದಿರುತ್ತದೆ. ಹುಲ್ಲಿನ ನೆಲದಲ್ಲಿ ಬೆಳೆಯುವ ಕ್ಲೋರೋಫಿಲ್ಲಮ್ ಮೊಲಿಬ್ಡೈಟಿಸ್ ವಿಷಕಾರಿಯಾಗಿರುತ್ತದೆ. ಇದರ ಕೊಡೆಯ ಕೆಳಗಿನ ಪದರಗಳು ಬಲಿತ ಮೇಲೆ ಹಸಿರಾಗುತ್ತವೆ. ಎಳೆಯದರಲ್ಲಿ ಬಿಳಿಯಾಗಿರುವುದರಿಂದ ತಿನ್ನುವ ಅಣಬೆಯೆಂದು ಮೋಸಹೋಗುವ ಸಂಭವವಿರುತ್ತದೆ. ಬೆಳ್ಳಿ ನಾಣ್ಯ ಕಪ್ಪಾಗದಿದ್ದರೆ ವಿಷವಿಲ್ಲವೆಂಬ ನಂಬಿಕೆಗೆ ಯಾವುದೇ ಆಧಾರವಿರುವುದಿಲ್ಲ.

ಇಂತಹ ಸಂದರ್ಭಗಳಲ್ಲಿ ಡಿ.ಎನ್.ಎ. ಬಾರ್‌ಕೋಡಿಂಗ್ ವಿಧಾನವು ಉಪಯುಕ್ತವಾಗಿರುತ್ತದೆ. ಶಿಲೀಂಧ್ರಗಳಿಗೆ ಐ.ಟಿ.ಎಸ್. ಎಂಬ ಡಿ.ಎನ್.ಎ. ಭಾಗವನ್ನು ಪ್ರಮಾಣಿತ ಬಾರ್‌ಕೋಡ್ ಆಗಿ 2012ರಲ್ಲಿ ಪ್ರಸ್ತಾಪಿಸಲಾಯಿತು. ಸಾಮಾನ್ಯವಾಗಿ 500ರಿಂದ 700 ಅಕ್ಷರಗಳಷ್ಟು ಉದ್ದವಿರುವ ಈ ಭಾಗವನ್ನು ಪಿ.ಸಿ.ಆರ್. ಯಂತ್ರದಲ್ಲಿ ಪ್ರತಿಮಾಡಿ, ಅಕ್ಷರಗಳ ಅನುಕ್ರಮವನ್ನು ಓದಿ, ಜೀನ್‌ಬ್ಯಾಂಕ್ ಹಾಗೂ ಯುನೈಟ್ ದತ್ತಸಂಚಯಗಳೊಂದಿಗೆ ಹೋಲಿಸಲಾಗುತ್ತದೆ. ಒಣಗಿದ ಒಂದು ಚೂರಿನಿಂದಲೂ ಹೆಸರನ್ನು ಪತ್ತೆಹಚ್ಚಬಹುದಾಗಿದೆ.

ಆದಾಗ್ಯೂ ಸದರಿ ವಿಧಾನಕ್ಕೆ ಮಿತಿಗಳಿವೆ. ದತ್ತಸಂಚಯದಲ್ಲಿ ತಪ್ಪು ಹೆಸರಿನಲ್ಲಿ ದಾಖಲಾದ ಅನುಕ್ರಮಗಳೂ ಇರುತ್ತವೆ. ಕೆಲವು ಹತ್ತಿರದ ಪ್ರಭೇದಗಳನ್ನು ಐ.ಟಿ.ಎಸ್. ಒಂದೇ ಬೇರ್ಪಡಿಸಲಾರದು. ಆದ್ದರಿಂದ ವರದಿಯನ್ನು ಆಹಾರಯೋಗ್ಯತೆಯ ಪ್ರಮಾಣಪತ್ರವೆಂದು ಭಾವಿಸತಕ್ಕದ್ದಲ್ಲ. ತುರ್ತು ಸಂದರ್ಭದಲ್ಲಿ ವರದಿಗಾಗಿ ಕಾಯುವಂತೆಯೂ ಇಲ್ಲ. ಅಣಬೆ ತಿಂದ ನಂತರ ವಾಂತಿ, ಭೇದಿ ಕಂಡುಬಂದಲ್ಲಿ 108ಕ್ಕೆ ಕರೆಮಾಡಿ, ಉಳಿದ ಅಣಬೆಯೊಂದಿಗೆ ಕೂಡಲೇ ಆಸ್ಪತ್ರೆಗೆ ತೆರಳತಕ್ಕದ್ದು. ಅಮಾಟಾಕ್ಸಿನ್ ವಿಷವಿರುವ ಅಣಬೆಗಳಲ್ಲಿ ಲಕ್ಷಣಗಳು 6 ಗಂಟೆಗಳ ನಂತರವೇ ತೋರಬಹುದು. ಬೇಯಿಸಿದರೂ ಈ ವಿಷ ನಾಶವಾಗುವುದಿಲ್ಲ. ಒಮ್ಮೆ ವಾಂತಿ ನಿಂತಿತೆಂದು ಮನೆಯಲ್ಲಿಯೇ ಉಳಿಯುವುದು ಅಪಾಯಕಾರಿ, ಏಕೆಂದರೆ ಯಕೃತ್ತಿನ ಹಾನಿ ಅನಂತರ ಕಾಣಿಸಿಕೊಳ್ಳುತ್ತದೆ.

ಪರೀಕ್ಷೆಗೆ ಮಾದರಿ ಕಳುಹಿಸುವವರು ಅಣಬೆಯನ್ನು ಬುಡಸಮೇತ ಕಿತ್ತು, ಬಣ್ಣ ಕೆಡುವ ಮೊದಲೇ ಛಾಯಾಚಿತ್ರ ತೆಗೆದು, ಸ್ಥಳ ಮತ್ತು ದಿನಾಂಕವನ್ನು ಬರೆದಿಡತಕ್ಕದ್ದು. ಪ್ಲಾಸ್ಟಿಕ್ ಚೀಲದಲ್ಲಿ ಅಣಬೆ ಕೊಳೆಯುವುದರಿಂದ, ಹದವಾದ ಶಾಖದಲ್ಲಿ ಒಣಗಿಸಿ ಕಾಗದದ ಲಕೋಟೆಯಲ್ಲಿ ಇಡುವುದು ಸೂಕ್ತ. ಹೆಸರಿನ ಬಗ್ಗೆ ಮುಂದೆ ಸಂದೇಹ ಬಂದಲ್ಲಿ ಮರುಪರಿಶೀಲಿಸಲು ಒಂದು ಇಡೀ ಅಣಬೆಯನ್ನು ಕಾಯ್ದಿರಿಸುವುದು ಅವಶ್ಯ.

ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯದ ವ್ಯಾಪ್ತಿಯಲ್ಲಿ ಮಾದರಿ ಸಂಗ್ರಹಿಸಬಯಸುವವರು ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರನ್ವಯ ಅರಣ್ಯ ಇಲಾಖೆಯಿಂದ ಮುಂಚಿತವಾಗಿ ಅನುಮತಿ ಪಡೆಯತಕ್ಕದ್ದು.