ನಂಬಿಕೆ, ಕುಲಾಭಿಮಾನ ಮತ್ತು ನಿಯ್ಯತ್: ಬಗ್ದಾದಿನಿಂದ ಬೀದರಿನವರೆಗೆ

ಒಂದೇ ಸಫ್ಫಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತ ಇಬ್ಬರ ನಮಾಝ್ ಹೊರನೋಟಕ್ಕೆ ಒಂದೇ ತೆರನಾಗಿರುತ್ತದೆ. ಅದೇ ಕಿಬ್ಲಾ, ಅದೇ ರುಕೂ, ಅದೇ ಸುಜೂದ್. ಆದರೆ ಒಬ್ಬನನ್ನು ಅಲ್ಲಿಗೆ ಕರೆತಂದದ್ದು ಅಲ್ಲಾಹನ ಸಂಪ್ರೀತಿಯ ಹಂಬಲವಾಗಿರಬಹುದು. ಇನ್ನೊಬ್ಬನನ್ನು ಕರೆತಂದದ್ದು ತಂದೆ-ತಾತಂದಿರ ರೂಢಿಯೋ ಊರವರ ದೃಷ್ಟಿಯೋ ಆಗಿರಬಹುದು. ಕಣ್ಣಿಗೆ ಕಾಣುವ ಕರ್ಮ ಮತ್ತು ಅದನ್ನು ಮಾಡಿಸುವ ಕಾಣದ ಪ್ರೇರಣೆ, ಇವೆರಡರ ನಡುವಿನ ಅಂತರವನ್ನು ಇಸ್ಲಾಮೀ ವಿದ್ವಾಂಸರು ಮೊದಲಿನಿಂದಲೂ ಗಂಭೀರವಾಗಿ ಪರಿಗಣಿಸಿದ್ದಾರೆ. ಇಮಾಮ್ ಬುಖಾರಿ(ರ)ಯವರು ತಮ್ಮ ಹದೀಸ್ ಸಂಗ್ರಹದ ಮೊತ್ತಮೊದಲಿಗೆ ನಿಯ್ಯತ್ತಿನ ಹದೀಸನ್ನೇ ಇರಿಸಿದರು. ಹಿಜ್ರತ್ತಿನಂತಹ ಮಹಾತ್ಯಾಗವೂ ಅದರ ಹಿಂದಿನ ಉದ್ದೇಶಕ್ಕೆ ತಕ್ಕಂತೆಯೇ ಫಲ ಪಡೆಯುತ್ತದೆಂದು ಆ ಹದೀಸ್ ನಮಗೆ ತಿಳಿಸುತ್ತದೆ.

ಹಾಗಾದರೆ ಮನುಷ್ಯನನ್ನು ನಡೆಸುವ ಶಕ್ತಿ ಯಾವುದು? ಅವನು ನಂಬಿದ ಸತ್ಯವೇ, ಹುಟ್ಟಿದ ಕುಲವೇ ಅಥವಾ ಜನರಿಂದ ದೊರೆಯುವ ಮನ್ನಣೆಯೇ? ಈ ಪ್ರಶ್ನೆಯನ್ನು ಗ್ರಂಥದಲ್ಲಷ್ಟೇ ಅಲ್ಲದೆ ತಮ್ಮ ಬದುಕಿನಲ್ಲಿಯೂ ಎದುರಿಸಿದ ಇಬ್ಬರು ಮಹಾನುಭಾವರ ಚಿಂತನೆಯನ್ನು, ಜೊತೆಗೆ ನಮ್ಮದೇ ಕನ್ನಡ ನೆಲದ ಇತಿಹಾಸದ ಒಂದು ದುರಂತವನ್ನು ಇಲ್ಲಿ ಅವಲೋಕಿಸೋಣ.

ಇಮಾಮ್ ಅಬೂ ಹಾಮಿದ್ ಅಲ್ ಗಝಾಲಿ(ರ) 1058ರಲ್ಲಿ ಖುರಾಸಾನಿನ ತೂಸ್ ಎಂಬಲ್ಲಿ ಜನಿಸಿದರು. ನೀಶಾಪುರದಲ್ಲಿ ಇಮಾಮ್ ಜುವೈನಿ(ರ)ಯವರ ಶಿಷ್ಯರಾಗಿ ಬೆಳೆದರು. 1091ರಲ್ಲಿ ಸಲ್ಜೂಕ್ ವಝೀರ್ ನಿಝಾಮುಲ್ ಮುಲ್ಕ್ ಅವರನ್ನು ಬಗ್ದಾದಿನ ನಿಝಾಮಿಯ್ಯಾ ಮದ್ರಸಕ್ಕೆ ಮುಖ್ಯ ಅಧ್ಯಾಪಕರನ್ನಾಗಿ ನೇಮಿಸಿದನು. ಆಗ ಅವರಿಗೆ ಕೇವಲ 33 ವರ್ಷ. ಮುನ್ನೂರಕ್ಕೂ ಮಿಕ್ಕಿದ ವಿದ್ಯಾರ್ಥಿಗಳು ಅವರ ಪಾಠವನ್ನು ಆಲಿಸುತ್ತಿದ್ದರು. ಖಲೀಫರ ಆಸ್ಥಾನದಲ್ಲಿಯೂ ಅವರ ಮಾತಿಗೆ ತೂಕವಿತ್ತು.

ಆದರೆ ಅವರ ಮನಸ್ಸಿನೊಳಗೆ ಎಳವೆಯಿಂದಲೇ ಒಂದು ಪ್ರಶ್ನೆ ಬೇರೂರಿತ್ತು. ಕ್ರೈಸ್ತರ ಮಕ್ಕಳು ಕ್ರೈಸ್ತರಾಗಿ, ಯಹೂದಿಯರ ಮಕ್ಕಳು ಯಹೂದಿಯರಾಗಿ, ಮುಸ್ಲಿಮರ ಮಕ್ಕಳು ಮುಸ್ಲಿಮರಾಗಿಯೇ ಬೆಳೆಯುವುದನ್ನು ಅವರು ಗಮನಿಸಿದ್ದರು. ಪ್ರತಿಯೊಂದು ಮಗುವೂ ಫಿತ್ರತ್ತಿನ ಮೇಲೆ, ಅಂದರೆ ಶುದ್ಧ ಸಹಜ ಪ್ರಕೃತಿಯ ಮೇಲೆ ಹುಟ್ಟುತ್ತದೆ, ಬಳಿಕ ಹೆತ್ತವರು ಅದನ್ನು ತಮ್ಮ ಮಾರ್ಗಕ್ಕೆ ತಿರುಗಿಸುತ್ತಾರೆ ಎಂಬ ಪ್ರವಾದಿ(ಸ)ಯವರ ವಚನ ಅವರನ್ನು ಆಳವಾಗಿ ಕಲಕಿತು. ಬಳುವಳಿಯಾಗಿ ಬಂದ ನಂಬಿಕೆಗೂ ಅರಿತು ಒಪ್ಪಿದ ನಂಬಿಕೆಗೂ ಇರುವ ವ್ಯತ್ಯಾಸವೇನು? ನಾನು ಸತ್ಯವೆಂದು ಹಿಡಿದಿರುವುದನ್ನು ಸತ್ಯವೆಂದೇ ಹಿಡಿದಿದ್ದೇನೆಯೇ, ಅಥವಾ ನನ್ನದು ಎಂಬ ಕಾರಣಕ್ಕೆ ಹಿಡಿದಿದ್ದೇನೆಯೇ? ಈ ಪ್ರಶ್ನೆಯಿಂದಲೇ ತಮ್ಮ ಸತ್ಯಾನ್ವೇಷಣೆ ಆರಂಭವಾಯಿತೆಂದು ಅವರು ‘ಅಲ್ ಮುನ್ಕಿದು ಮಿನ ದ್ದಲಾಲ್’ ಎಂಬ ಕೃತಿಯಲ್ಲಿ ವಿವರಿಸಿದ್ದಾರೆ.

ಎರಡನೆಯ ಪ್ರಶ್ನೆ ಇನ್ನೂ ಹರಿತವಾಗಿತ್ತು. ತಮ್ಮ ಬದುಕಿನಲ್ಲಿ ಶ್ರೇಷ್ಠವಾದ ಕೆಲಸ ಯಾವುದೆಂದು ನೋಡಿಕೊಂಡಾಗ ಅದು ಧರ್ಮಬೋಧನೆಯೇ ಎಂದು ಅವರಿಗೆ ಕಂಡಿತು. ಆ ಬೋಧನೆಯ ಹಿಂದಿನ ನಿಯ್ಯತ್ತನ್ನು ಪರೀಕ್ಷಿಸಿದಾಗ ಅದು ಅಲ್ಲಾಹನಿಗಾಗಿ ಶುದ್ಧವಾಗಿರಲಿಲ್ಲ. ಕೀರ್ತಿ ಮತ್ತು ಸ್ಥಾನಮಾನಗಳ ಆಸೆಯೇ ಅದನ್ನು ನಡೆಸುತ್ತಿತ್ತು. ಹಿಜರಿ 488ರ ರಜಬ್‌ನಿಂದ, ಅಂದರೆ 1095ರ ಮಧ್ಯಭಾಗದಿಂದ ಸುಮಾರು ಆರು ತಿಂಗಳ ಕಾಲ ಅವರು ಹೋಗಲೂ ಆಗದೆ ಉಳಿಯಲೂ ಆಗದೆ ತೊಳಲಾಡಿದರು. ಕೊನೆಗೆ ನಾಲಗೆಯೇ ಕಟ್ಟಿಹೋಯಿತು. ಶಿಷ್ಯರ ಮನಸ್ಸಿಗೆ ಸಮಾಧಾನವಾಗಲೆಂದು ಒಂದು ದಿನವಾದರೂ ಪಾಠ ಹೇಳಬೇಕೆಂದರೂ ಮಾತು ಹೊರಡಲಿಲ್ಲ. ಅನ್ನಾಹಾರ ಸೇರದಾಯಿತು. ರೋಗದ ಮೂಲ ಹೃದಯದಲ್ಲಿದೆಯೆಂದು ಹೇಳಿ ವೈದ್ಯರು ಕೈಚೆಲ್ಲಿದರು. ಆ ವರ್ಷದ ಕೊನೆಯಲ್ಲಿ ಅವರು ತಮಗೂ ಮಕ್ಕಳಿಗೂ ಬೇಕಾದಷ್ಟನ್ನು ಉಳಿಸಿಕೊಂಡು ಉಳಿದ ಸಂಪತ್ತನ್ನು ಹಂಚಿ ಬಗ್ದಾದನ್ನು ತೊರೆದರು. ದಮಾಸ್ಕಸ್, ಬೈತುಲ್ ಮುಕದ್ದಸ್, ಹಿಜಾಝ್‌ಗಳನ್ನು ಸಂದರ್ಶಿಸಿ ತವರಿಗೆ ಮರಳಿದ ಅವರು ಪುನಃ ಸಾರ್ವಜನಿಕ ಬೋಧನೆಗೆ ನಿಂತದ್ದು 1106ರಲ್ಲಿ, ನೀಶಾಪುರದಲ್ಲಿ. 1111ರಲ್ಲಿ ಅವರು ತೂಸ್‌ನಲ್ಲಿ ನಿಧನರಾದರು.

ಅವರ ನಿರ್ಗಮನದ ಕಾರಣವನ್ನು ಕುರಿತು ಅಂದೂ ಊಹೆಗಳಿದ್ದವು, ಇಂದೂ ಇವೆ. 1092ರಲ್ಲಿ ನಿಝಾಮುಲ್ ಮುಲ್ಕ್‌ನ ಹತ್ಯೆಯಾಯಿತು. ಅದೇ ವರ್ಷ ಸುಲ್ತಾನ್ ಮಲಿಕ್ ಷಾನೂ ತೀರಿಕೊಂಡನು. ಆ ಬಳಿಕ ಸಿಂಹಾಸನಕ್ಕಾಗಿ ಕಲಹ ನಡೆಯಿತು. ಆದ್ದರಿಂದ ರಾಜಕೀಯ ಭಯವೇ ಇಮಾಮರನ್ನು ಹೊರಗಟ್ಟಿರಬೇಕೆಂದು ಕೆಲವು ಆಧುನಿಕ ಸಂಶೋಧಕರು ವಾದಿಸಿದ್ದಾರೆ. ಆ ಕಾಲ ಭಯದ ಕಾಲವಾಗಿತ್ತೆಂಬುದು ನಿಜ. ಆದರೆ ಕೇವಲ ಭಯದಿಂದ ಓಡಿದವನಿಗೆ ತನ್ನದೇ ಕೀರ್ತಿಲಾಲಸೆಯನ್ನು ಲೋಕದ ಮುಂದೆ ಬರೆದಿಡುವ ಅಗತ್ಯವಿರಲಿಲ್ಲ. ಅಲ್ಲದೆ, ಮನುಷ್ಯನ ಪ್ರೇರಣೆಗಳು ಒಂದರೊಡನೊಂದು ಬೆರೆತಿರುತ್ತವೆಂಬುದನ್ನು ಸ್ವತಃ ಇಮಾಮರೇ ನಮಗೆ ಕಲಿಸಿದ್ದಾರೆ.

ಅವರ ಮೇರುಕೃತಿ ‘ಇಹ್ಯಾ ಉಲೂಮಿದ್ದೀನ್’ನ ನಲವತ್ತು ಭಾಗಗಳಲ್ಲಿ ಒಂದು ನಿಯ್ಯತ್, ಇಖ್ಲಾಸ್ ಮತ್ತು ಸತ್ಯನಿಷ್ಠೆಗಳಿಗೇ ಮೀಸಲಾಗಿದೆ. ಅಲ್ಲಿ ಒಂದು ಪ್ರಸಂಗ ಬರುತ್ತದೆ. ಮೂವತ್ತು ವರ್ಷ ಮೊದಲ ಸಫ್ಫಿನಲ್ಲೇ ನಮಾಝ್ ಮಾಡಿದ ಒಬ್ಬರು ಒಂದು ದಿನ ತಡವಾಗಿ ಎರಡನೆಯ ಸಫ್ಫಿನಲ್ಲಿ ನಿಲ್ಲಬೇಕಾಯಿತು. ಜನರು ನೋಡುತ್ತಾರಲ್ಲ ಎಂದು ಅವರಿಗೆ ನಾಚಿಕೆಯಾಯಿತು. ಆ ನಾಚಿಕೆಯಿಂದಲೇ ತಮ್ಮ ಮೂವತ್ತು ವರ್ಷಗಳ ಸಂತೋಷದಲ್ಲಿ ಜನರ ನೋಟಕ್ಕೂ ಪಾಲಿತ್ತೆಂಬುದು ಅವರಿಗೆ ಅರಿವಾಯಿತು. ಈ ಪ್ರಸಂಗವನ್ನು ಓದಿ ಎದೆಗುಂದುವವರೂ ಇರಬಹುದು. ಇಷ್ಟು ಸೂಕ್ಷ್ಮವಾದ ರಿಯಾದಿಂದ ಪಾರಾಗುವುದು ಯಾರಿಗೆ ಸಾಧ್ಯ?

ಇಲ್ಲಿಯೇ ಇಮಾಮರ ವಿವೇಕ ಬೆಳಗುತ್ತದೆ. ಉದ್ದೇಶಗಳು ಬೆರೆತಾಗ ಯಾವುದು ಮೇಲುಗೈಯಾಗಿದೆಯೆಂದು ನೋಡಬೇಕೆನ್ನುತ್ತಾರೆ ಅವರು. ಧರ್ಮದ ಪ್ರೇರಣೆ ಬಲವಾಗಿದ್ದರೆ ಆ ಹೆಚ್ಚಳಕ್ಕೆ ತಕ್ಕ ಪ್ರತಿಫಲವಿದೆ. ತೋರಿಕೆಯ ಪ್ರೇರಣೆ ಬಲವಾಗಿದ್ದರೆ ಹಾನಿಯಿದೆ. ಎರಡೂ ಸಮವಾಗಿದ್ದರೆ ಒಂದನ್ನೊಂದು ರದ್ದುಗೊಳಿಸುತ್ತವೆ. ಹಜ್ಜಿಗೆ ಹೊರಟವನು ದಾರಿಯಲ್ಲಿ ವ್ಯಾಪಾರ ಮಾಡಿದರೂ ಅವನ ಹಜ್ಜ್ ವ್ಯರ್ಥವಲ್ಲ. ಅದಕ್ಕಿಂತಲೂ ಮುಖ್ಯವಾಗಿ, ರಿಯಾದ ಭಯದಿಂದ ಸತ್ಕರ್ಮವನ್ನೇ ಬಿಟ್ಟುಬಿಡುವುದು ಶೈತಾನನ ಇನ್ನೊಂದು ಬಲೆಯೆಂದು ಅವರು ಎಚ್ಚರಿಸುತ್ತಾರೆ.

ಗಝಾಲಿ(ರ)ಯವರು ಒಬ್ಬ ವ್ಯಕ್ತಿಯ ಹೃದಯವನ್ನು ಶೋಧಿಸಿದರೆ, ಇಬ್ನ್ ಖಲ್ದೂನ್(ರ)ರವರು ಸಮುದಾಯದ ಹೃದಯವನ್ನು ಶೋಧಿಸಿದರು. 1332ರಲ್ಲಿ ತೂನಿಸ್‌ನಲ್ಲಿ ಹುಟ್ಟಿದ ಅವರು ಹದಿಹರೆಯದಲ್ಲಿಯೇ ಮಹಾಮಾರಿ ಪ್ಲೇಗಿಗೆ ತಂದೆ-ತಾಯಿಯನ್ನು ಕಳೆದುಕೊಂಡರು. ಉತ್ತರ ಆಫ್ರಿಕಾ ಮತ್ತು ಸ್ಪೇನಿನ ಆಸ್ಥಾನಗಳಲ್ಲಿ ಪದವಿಯನ್ನೂ ಸೆರೆಮನೆಯನ್ನೂ ಕಂಡರು. ರಾಜಕೀಯದಿಂದ ಬೇಸತ್ತು ಇಬ್ನ್ ಸಲಾಮ ಎಂಬ ಕೋಟೆಯಲ್ಲಿ ಏಕಾಂತವಾಸದಲ್ಲಿದ್ದಾಗ, 1377ರಲ್ಲಿ, ಪ್ರಸಿದ್ಧ ‘ಮುಕದ್ದಿಮ’ವನ್ನು ಬರೆದು ಮುಗಿಸಿದರು. 1406ರಲ್ಲಿ ಕೈರೋದಲ್ಲಿ ಕಾಝಿಯಾಗಿದ್ದಾಗ ನಿಧನರಾದರು.

ಮುಕದ್ದಿಮದ ಕೇಂದ್ರ ಪರಿಕಲ್ಪನೆ ‘ಅಸಬಿಯ್ಯ’. ನಾವು ಒಂದೇ ಎಂಬ ಭಾವನೆಯಿಂದ ಒಬ್ಬರು ಇನ್ನೊಬ್ಬರಿಗಾಗಿ ಪ್ರಾಣ ಕೊಡಲೂ ಸಿದ್ಧರಾಗುವ ಒಗ್ಗಟ್ಟಿನ ಬಲವದು. ರಕ್ತಸಂಬಂಧದಿಂದಷ್ಟೇ ಅಲ್ಲ, ಆಶ್ರಯದಿಂದಲೂ ಮೈತ್ರಿಯಿಂದಲೂ ಅದು ಮೂಡಬಲ್ಲದು. ರಾಜ್ಯಗಳು ಈ ಬಲದಿಂದ ಹುಟ್ಟುತ್ತವೆ. ವೈಭೋಗ ಅದನ್ನು ಸಡಿಲಿಸಿದಾಗ ಸಾಮಾನ್ಯವಾಗಿ ಮೂರು ತಲೆಮಾರುಗಳಲ್ಲಿ, ಅಂದರೆ ಸುಮಾರು 120 ವರ್ಷಗಳಲ್ಲಿ, ಅವು ಕುಸಿಯುತ್ತವೆ. ಧರ್ಮವು ಪರಸ್ಪರರ ಮತ್ಸರ ಮತ್ತು ಪೈಪೋಟಿಗಳನ್ನು ಅಳಿಸಿ ಎಲ್ಲರ ಮುಖವನ್ನು ಸತ್ಯದ ಕಡೆಗೆ ತಿರುಗಿಸಿದಾಗ ಈ ಬಲ ಇಮ್ಮಡಿಯಾಗುತ್ತದೆ. ಅದೇ ವೇಳೆ, ಜನಬೆಂಬಲವಿಲ್ಲದ ಸುಧಾರಕನು ಎಷ್ಟೇ ಪ್ರಾಮಾಣಿಕನಾದರೂ ಯಶಸ್ವಿಯಾಗಲಾರನೆಂಬ ಕಟುಸತ್ಯವನ್ನೂ ಅವರು ಮರೆಮಾಚಲಿಲ್ಲ.

ಆದರೆ ಪ್ರವಾದಿ(ಸ)ಯವರು ಅಸಬಿಯ್ಯವನ್ನು ಖಂಡಿಸಿದ್ದರಲ್ಲವೇ? ಹೌದು. ಒಬ್ಬನು ತನ್ನ ಜನರನ್ನು ಪ್ರೀತಿಸುವುದು ಅಸಬಿಯ್ಯವೇ ಎಂದು ಕೇಳಲಾದಾಗ ಅವರು ಅಲ್ಲವೆಂದರು. ಅನ್ಯಾಯದಲ್ಲಿ ತನ್ನ ಜನರಿಗೆ ನೆರವಾಗುವುದೇ ಅಸಬಿಯ್ಯವೆಂದು ತಿಳಿಸಿದರು. ಇಬ್ನ್ ಖಲ್ದೂನ್ ಈ ಭೇದವನ್ನೇ ಆಧಾರವಾಗಿರಿಸುತ್ತಾರೆ. ಶರೀಅತ್ ಕೋಪವನ್ನು ನಿಂದಿಸಿದರೂ ಮನುಷ್ಯನಿಂದ ಅದನ್ನು ಕಿತ್ತೆಸೆಯಲು ಬಯಸುವುದಿಲ್ಲ, ಏಕೆಂದರೆ ಕೋಪವೇ ಇಲ್ಲದವನು ಅನ್ಯಾಯದ ವಿರುದ್ಧ ನಿಲ್ಲಲಾರ. ಕುಲಾಭಿಮಾನದ ವಿಷಯವೂ ಹಾಗೆಯೇ. ಅದು ಸತ್ಯದ ಸೇವೆಯಲ್ಲಿದ್ದರೆ ಶ್ಲಾಘ್ಯ, ಅಹಂಕಾರದ ಸೇವೆಯಲ್ಲಿದ್ದರೆ ನಿಂದ್ಯ. ಜನಾಂಗಗಳನ್ನೂ ಗೋತ್ರಗಳನ್ನೂ ಅಲ್ಲಾಹನು ನಿರ್ಮಿಸಿರುವುದು ಮನುಷ್ಯರು ಪರಸ್ಪರ ಅರಿಯುವ ಸಲುವಾಗಿ ಎಂದು ಪವಿತ್ರ ಕುರ್‌ಆನ್ ತಿಳಿಸುತ್ತದೆ. ಶ್ರೇಷ್ಠತೆಯ ಮಾನದಂಡ ತಕ್ವಾ ಮಾತ್ರ.

ಅಭಿಮಾನವು ಅನ್ಯಾಯಕ್ಕೆ ತಿರುಗಿದಾಗ ಏನಾಗುತ್ತದೆಂಬುದಕ್ಕೆ ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಬೀದರೇ ಸಾಕ್ಷಿ. 1347ರಲ್ಲಿ ಸ್ಥಾಪನೆಯಾದ ಬಹಮನೀ ರಾಜ್ಯದಲ್ಲಿ ಮುಸ್ಲಿಮ್ ಸರದಾರರು ಎರಡು ಬಣಗಳಾಗಿ ಒಡೆದಿದ್ದರು. ಈ ನೆಲದಲ್ಲಿ ಬೇರುಬಿಟ್ಟವರು ದಖ್ಖನಿಗಳು. ಇರಾನ್, ಇರಾಕ್, ಮಧ್ಯ ಏಷ್ಯಾಗಳಿಂದ ಬಂದವರು ಆಫಾಕಿಗಳು. ಇಬ್ಬರ ಅಲ್ಲಾಹನೂ ಒಬ್ಬನೇ, ಕುರ್‌ಆನೂ ಒಂದೇ. ಆದರೂ ಪದವಿ ಮತ್ತು ಜಹಗೀರುಗಳ ಪೈಪೋಟಿಯಲ್ಲಿ ರಕ್ತ ಹರಿಯಿತು.

ಗೀಲಾನಿನಿಂದ ವ್ಯಾಪಾರಿಯಾಗಿ ಬಂದು ಪ್ರಧಾನಮಂತ್ರಿಯಾದ ಖ್ವಾಜಾ ಮಹಮೂದ್ ಗವಾನ್ ಈ ಗಾಯವನ್ನು ಮಾಯಿಸಲು ಯತ್ನಿಸಿದನು. ತಾನು ಆಫಾಕಿಯಾಗಿದ್ದರೂ ಪ್ರಾಂತಗಳ ಅಧಿಕಾರವನ್ನು ಎರಡೂ ಬಣಗಳಿಗೆ ಸಮವಾಗಿ ಹಂಚಲು ಶ್ರಮಿಸಿದನು. ನಾಲ್ಕು ಪ್ರಾಂತಗಳನ್ನು ಎಂಟಾಗಿ ವಿಂಗಡಿಸಿ ಅಧಿಕಾರಿಗಳ ಮಿತಿಮೀರಿದ ಬಲವನ್ನು ಕಡಿಮೆ ಮಾಡಿದನು. 1472ರಲ್ಲಿ ಬೀದರಿನಲ್ಲಿ ಅವನು ಕಟ್ಟಿಸಿದ ಭವ್ಯ ಮದ್ರಸ ಇಂದಿಗೂ ಬಣ್ಣದ ಹೆಂಚುಗಳ ಕುರುಹುಗಳೊಂದಿಗೆ ನಿಂತಿದೆ. ಆದರೆ ಬಣದ ದ್ವೇಷ ತಣಿಯಲಿಲ್ಲ. ಅವನ ಮುದ್ರೆಯೊತ್ತಿದ ಖಾಲಿ ಕಾಗದವೊಂದನ್ನು ವಿರೋಧಿಗಳು ಸಂಪಾದಿಸಿ, ಒಡಿಶಾದ ಅರಸನನ್ನು ದಂಡೆತ್ತಿ ಬರಲು ಆಹ್ವಾನಿಸುವ ಸುಳ್ಳು ಪತ್ರವನ್ನು ಸೃಷ್ಟಿಸಿದರು. ಸುಲ್ತಾನ್ ಮೂರನೆಯ ಮುಹಮ್ಮದ್ ಷಾ ವಿಚಾರಣೆಯನ್ನೂ ನಡೆಸದೆ 1481ರ ಏಪ್ರಿಲ್‌ನಲ್ಲಿ ಆ ವೃದ್ಧನ ಶಿರಚ್ಛೇದ ಮಾಡಿಸಿದನು. ನಿಜ ತಿಳಿದಾಗ ಸುಲ್ತಾನನಿಗೆ ಉಳಿದದ್ದು ಪಶ್ಚಾತ್ತಾಪ ಮಾತ್ರ. ಮರುವರ್ಷ ಅವನೂ ತೀರಿಕೊಂಡನು. ಕೆಲವೇ ದಶಕಗಳಲ್ಲಿ ರಾಜ್ಯವು ಬಿಜಾಪುರ, ಅಹ್ಮದ್‌ನಗರ, ಬೇರಾರ್, ಗೋಲ್ಕೊಂಡ ಮತ್ತು ಬೀದರ್ ಎಂಬ ಐದು ತುಂಡುಗಳಾಯಿತು.

ಆ ಸುಳ್ಳು ಪತ್ರವನ್ನು ಬರೆಸಿದವರು ನಮಾಝ್ ಬಿಟ್ಟವರೆಂದು ಇತಿಹಾಸ ಹೇಳುವುದಿಲ್ಲ. ಅವರು ಮುಸ್ಲಿಮರಾಗಿಯೇ ಇದ್ದರು. ಅವರನ್ನು ನಡೆಸಿದ ಪ್ರೇರಣೆ ಮಾತ್ರ ಇಸ್ಲಾಮಿನದ್ದಾಗಿರಲಿಲ್ಲ. ಹೆಸರು ಧರ್ಮದ್ದು, ಹುರುಪು ಬಣದ್ದು. ಗಝಾಲಿ(ರ)ಯವರು ತಮ್ಮ ಎದೆಯೊಳಗೆ ಕಂಡ ಬಿರುಕನ್ನು ಬೀದರಿನ ಸರದಾರರು ತಮ್ಮೊಳಗೆ ಹುಡುಕಲಿಲ್ಲ.

ಆಧುನಿಕ ಮನಶ್ಶಾಸ್ತ್ರವೂ ಇದೇ ಭೇದದ ಬಾಗಿಲಿಗೆ ಬಂದು ನಿಂತಿದೆ. ಅಮೆರಿಕದ ಗಾರ್ಡನ್ ಆಲ್‌ಪೋರ್ಟ್ ಮತ್ತು ಮೈಕೆಲ್ ರಾಸ್ 1967ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಕ್ರೈಸ್ತ ಚರ್ಚುಗಳ ಸದಸ್ಯರನ್ನು ಪರಿಶೀಲಿಸಿ ಧಾರ್ಮಿಕತೆಯಲ್ಲಿ ಎರಡು ಬಗೆಗಳನ್ನು ಗುರುತಿಸಿದರು. ಕೆಲವರು ಧರ್ಮವನ್ನು ಸ್ಥಾನಮಾನಕ್ಕಾಗಿ, ನೆಮ್ಮದಿಗಾಗಿ, ಬಳಗದ ಸಂಪರ್ಕಕ್ಕಾಗಿ ಬಳಸುತ್ತಾರೆ. ಕೆಲವರು ಧರ್ಮವನ್ನೇ ಗುರಿಯಾಗಿಸಿ ಬಾಳುತ್ತಾರೆ. ಅನ್ಯ ಜನಾಂಗದವರ ಬಗ್ಗೆ ಪೂರ್ವಗ್ರಹ ಹೆಚ್ಚಾಗಿ ಕಂಡುಬಂದದ್ದು ಎರಡನೆಯವರಲ್ಲಲ್ಲ, ಮೊದಲನೆಯವರಲ್ಲಿ. ಇದು ಬೇರೊಂದು ಸಮಾಜದ ಅಧ್ಯಯನವಾದರೂ ನಾವು ಯೋಚಿಸಬೇಕಾದ ಸಂಗತಿ ಇದರಲ್ಲಿದೆ. ನಂಬಿಕೆ ಆಳವಾದಂತೆ ದ್ವೇಷ ಹೆಚ್ಚುತ್ತದೆಂಬ ಆಕ್ಷೇಪವನ್ನು ನಾವು ಆಗಾಗ ಕೇಳುತ್ತೇವೆ. ದ್ವೇಷಕ್ಕೆ ಎಡೆಯಾಗುವುದು ನಂಬಿಕೆಯ ಆಳವಲ್ಲ, ಅದನ್ನು ಹೊರ ಉಡುಪಿನಂತೆ ತೊಡುವ ರೀತಿ ಎಂಬುದನ್ನು ಆ ಅಧ್ಯಯನ ಸೂಚಿಸುತ್ತದೆ.

ಇನ್ನು ನಮ್ಮ ಮನೆಗಳತ್ತ ನೋಡೋಣ. ಕರ್ನಾಟಕದ ಮುಸ್ಲಿಮರಲ್ಲಿ ಬ್ಯಾರಿಗಳಿದ್ದಾರೆ, ನವಾಯತರಿದ್ದಾರೆ, ದಖ್ಖನಿ ಉರ್ದು ಮಾತನಾಡುವವರಿದ್ದಾರೆ, ಕನ್ನಡವನ್ನೇ ಮನೆಮಾತಾಗಿಸಿಕೊಂಡ ನದಾಫರಿದ್ದಾರೆ. ಈ ವೈವಿಧ್ಯ ಅಲ್ಲಾಹನ ಕೊಡುಗೆ. ಆದರೆ ಹೆಣ್ಣು-ಗಂಡು ನೋಡುವಾಗ ತಕ್ವಾಕ್ಕಿಂತ ಮನೆತನ ಮುಂದಾದರೆ, ಮಸೀದಿಯ ಆಡಳಿತದಲ್ಲಿ ನ್ಯಾಯಕ್ಕಿಂತ ಬಣ ಮುಂದಾದರೆ, ನಮ್ಮವನೆಂಬ ಕಾರಣಕ್ಕೆ ತಪ್ಪಿತಸ್ಥನ ಪರವಾಗಿ ನಾವು ನಿಂತರೆ, ಬೀದರಿನ ರೋಗ ನಮ್ಮಲ್ಲಿಯೂ ಇದೆಯೆಂದೇ ಅರ್ಥ.

ಮಕ್ಕಳ ವಿಷಯದಲ್ಲಿ ಇದು ಇನ್ನೂ ಗಂಭೀರವಾದುದು. ನಮಾಝ್ ಏಕೆ ಮಾಡಬೇಕೆಂದು ಮಗು ಕೇಳಿದಾಗ ‘ಜನ ಏನೆಂದಾರು’ ಎಂದು ಉತ್ತರಿಸುವುದು ಸುಲಭ. ಆದರೆ ಆ ಉತ್ತರ ಮಗುವಿಗೆ ಜನರನ್ನು ತೋರಿಸುತ್ತದೆ, ಅಲ್ಲಾಹನನ್ನಲ್ಲ. ಅದೇ ಮಗು ನಾಳೆ ಯಾರ ಗುರುತೂ ಇಲ್ಲದ ನಗರದ ಕೊಠಡಿಯೊಂದರಲ್ಲಿ ಒಂಟಿಯಾಗಿರುವಾಗ, ಏನೆನ್ನಲೂ ಜನರೇ ಇರುವುದಿಲ್ಲ. ಆಗ ಅದನ್ನು ಸುಬ್‌ಹಿಗೆ ಎಬ್ಬಿಸುವವರು ಯಾರು? ಬಳುವಳಿಯಾಗಿ ಬಂದ ನಂಬಿಕೆ ಕೀಳಲ್ಲ. ಹೆತ್ತವರಿಂದ ಈಮಾನನ್ನು ಪಡೆಯುವುದು ದೊಡ್ಡ ಅನುಗ್ರಹ. ಆದರೆ ಪಡೆದದ್ದನ್ನು ಅರಿತು ತನ್ನದಾಗಿಸಿಕೊಳ್ಳುವ ಕೆಲಸ ಪ್ರತಿಯೊಬ್ಬನದ್ದು. ಮಗುವಿನ ಪ್ರಶ್ನೆಯನ್ನು ಧಿಕ್ಕಾರವೆಂದು ಭಾವಿಸದೆ ತಾಳ್ಮೆಯಿಂದ ಉತ್ತರಿಸುವ ತಂದೆ-ತಾಯಿ ಆ ಕೆಲಸಕ್ಕೆ ನೆರವಾಗುತ್ತಾರೆ. ಗಝಾಲಿ(ರ)ಯವರ ಅನ್ವೇಷಣೆ ಮೊದಲಾದದ್ದು ಅಂತಹ ಎಳವೆಯ ಪ್ರಶ್ನೆಯೊಂದರಿಂದಲೇ ಎಂಬುದನ್ನು ನಾವು ಮರೆಯಬಾರದು.

ನಮ್ಮ ಹೆಸರು, ಭಾಷೆ, ಮನೆತನಗಳನ್ನು ನಾವು ಆರಿಸಿಕೊಂಡವರಲ್ಲ. ಅವುಗಳ ಬಗ್ಗೆ ಪ್ರೀತಿಯಿರಲಿ. ಆದರೆ ಒಂದು ಕೆಲಸಕ್ಕೆ ಕೈಹಾಕುವ ಮುನ್ನ, ಇದನ್ನು ನಾನು ಯಾರಿಗಾಗಿ ಮಾಡುತ್ತಿದ್ದೇನೆಂದು ಒಂದು ಕ್ಷಣ ಕೇಳಿಕೊಳ್ಳುವ ಸ್ವಾತಂತ್ರ್ಯ ನಮಗಿದೆ. ನಾಳೆ ಪರಲೋಕದಲ್ಲಿ ನಮ್ಮನ್ನು ವಿಚಾರಿಸಲಾಗುವುದು ಆ ಉತ್ತರದ ಬಗ್ಗೆಯೇ. ಅಲ್ಲಾಹನು ನಮ್ಮ ನಿಯ್ಯತ್ತನ್ನು ಶುದ್ಧಗೊಳಿಸಲಿ, ನಮ್ಮ ಅಭಿಮಾನವನ್ನು ನ್ಯಾಯದ ಅಧೀನದಲ್ಲಿರಿಸಲಿ. ಆಮೀನ್.